ಮದ್ದು ಯಾವುದು, ಕಾಲು ಯಾರದು?

ಕಾಳುಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು, ಮಳೆಗಾಲದ ಇಳಿಜಾರಿನಲ್ಲಿ ಜಾರಿ ಕಾಲು ಮುರಿದುಕೊಳ್ಳುವುದು ಕೊಡಗಿಗೆ ಹೊಸತಲ್ಲ. ಮೂಳೆಗೆ ರಾಡು, ಪ್ಲೇಟು ಕೂರಿಸಿದ ಮೊದಲ ರಾತ್ರಿಯ ನೋವಿಗೆ ನರ್ವ್ ಬ್ಲಾಕ್ ಒಳ್ಳೆಯ ಪರಿಹಾರ. ಅಲ್ಟ್ರಾಸೌಂಡ್ ನೋಡುತ್ತ ನರದ ಸುತ್ತ ಅರಿವಳಿಕೆ ಮದ್ದು ಬಿಡುತ್ತಾರೆ. ಬುಪಿವಕೇನ್ ಮೇಲೋ, ರೋಪಿವಕೇನ್ ಮೇಲೋ ಎಂಬ ಚರ್ಚೆ ಅಲ್ಲಿಂದ ಶುರು.

ಬುಪಿವಕೇನ್ 1957ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ಅಗ್ಗ, ದೀರ್ಘಕಾಲ ಕೆಲಸ ಮಾಡುತ್ತದೆ, ನಮ್ಮ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಆದರೆ ತಪ್ಪಿ ರಕ್ತನಾಳ ಸೇರಿದರೆ ಹೃದಯವನ್ನೇ ನಿಲ್ಲಿಸಬಲ್ಲದು. ಅಮೆರಿಕದ ಅರಿವಳಿಕೆ ತಜ್ಞ ಜಾರ್ಜ್ ಆಲ್ಬ್ರೈಟ್ 1979ರಲ್ಲಿ ಈ ಅಪಾಯವನ್ನು ಎತ್ತಿ ತೋರಿಸಿದರು. ಹೃದಯಕ್ಕೆ ಕಡಿಮೆ ಅಪಾಯದ ಮದ್ದಿನ ಹುಡುಕಾಟದಲ್ಲಿ ಬಂದದ್ದು ರೋಪಿವಕೇನ್. 1990ರ ದಶಕದಲ್ಲಿ ಅದು ಬಳಕೆಗೆ ಬಂತು. ದೇಹತೂಕದ ಕಿಲೋಗೆ ಬುಪಿವಕೇನ್ ಸುಮಾರು 2 ಮಿಲಿಗ್ರಾಂ, ರೋಪಿವಕೇನ್ ಸುಮಾರು 3 ಎಂಬುದು ಸಾಮಾನ್ಯ ಮಿತಿ.

ರೋಪಿವಕೇನ್ ಸ್ನಾಯುಬಲವನ್ನು ಉಳಿಸುತ್ತದೆ ಎಂಬ ಹೊಗಳಿಕೆಯನ್ನು ಮಾತ್ರ ತೂಗಿ ನೋಡಬೇಕು. ಅದರ ಶಕ್ತಿಯೇ ತುಸು ಕಡಿಮೆ. ಸಮ ಪ್ರಮಾಣದಲ್ಲಿ ಕೊಟ್ಟರೆ ಬ್ಲಾಕ್ ಬೇಗ ಇಳಿಯುವುದೂ ಉಂಟು. ಮಂಡಿ ಶಸ್ತ್ರಚಿಕಿತ್ಸೆಯ ಮರುದಿನ ನಡೆಸಬೇಕಾದವರಿಗೆ ಮದ್ದಿಗಿಂತ ಸೂಜಿಯ ಜಾಗ ಮುಖ್ಯ. ತೊಡೆಸಂದಿನಲ್ಲಿ ಫೀಮರಲ್ ನರಕ್ಕೆ ಬ್ಲಾಕ್ ಕೊಟ್ಟರೆ ತೊಡೆಯ ಬಲ ಕುಂದಿ ಬೀಳುವ ಭಯವಿದೆ. ತೊಡೆಯಲ್ಲೇ ತುಸು ಕೆಳಗಿನ ಅಡಕ್ಟರ್ ಕೆನಾಲಿನಲ್ಲಿ ಕೊಟ್ಟರೆ ಬಲ ಬಹುಪಾಲು ಉಳಿಯುತ್ತದೆ.

ಹಾಗಾಗಿ ನನ್ನ ತೀರ್ಪು ಇಷ್ಟು: ಪಾದ, ಹಿಮ್ಮಡಿಯ ಶಸ್ತ್ರಚಿಕಿತ್ಸೆಗೆ ಒಂದೇ ಚುಚ್ಚಿನಲ್ಲಿ ರಾತ್ರಿ ಕಳೆಯಬೇಕಾದರೆ ಮಿತಿಯೊಳಗಿನ ಬುಪಿವಕೇನ್ ಸಾಕು. ಹೃದ್ರೋಗಿಗಳಿಗೆ, ಹೆಚ್ಚು ಮದ್ದು ಬೇಕಾಗುವ ಬ್ಲಾಕಿಗೆ ರೋಪಿವಕೇನ್ ಲೇಸು. ಯಾವುದೇ ಆಗಲಿ, ವಿಷಬಾಧೆಗೆ ಶೇ. 20ರ ಲಿಪಿಡ್ ಎಮಲ್ಷನ್ ಕೈಗೆಟುಕುವಂತಿರಬೇಕು. ಮೊಣಕಾಲ ಕೆಳಗಿನ ಮೂಳೆ ಮುರಿದಾಗ ಸ್ನಾಯುಗಳ ಪೊರೆಯೊಳಗೆ ಒತ್ತಡ ಏರುವ ಅಪಾಯವಿದೆ. ಅದನ್ನು ಮೊದಲು ಸಾರುವುದು ನೋವೇ. ಆ ನೋವನ್ನೇ ಮರೆಮಾಡುವ ದಟ್ಟ ಬ್ಲಾಕನ್ನು ಅಲ್ಲಿ ಶಸ್ತ್ರವೈದ್ಯರೊಡನೆ ಮಾತಾಡದೆ ಕೊಡಬಾರದು.

ಎರಡು ಮದ್ದಿಗೂ ಸಮಾನವಾದ ಕೊರತೆಯೊಂದಿದೆ: ಬ್ಲಾಕ್ ಇಳಿದಾಗ ನೋವು ಒಮ್ಮೆಲೇ ನುಗ್ಗುತ್ತದೆ. ಮರಗಟ್ಟಿದ ಕಾಲಿಗೆ ಅರಿವು ಮರಳುವ ಮೊದಲೇ ನೋವಿನ ಮಾತ್ರೆ ನುಂಗಬೇಕು. ತೋಟದ ಲೈನ್‌ಮನೆಯಲ್ಲಿರುವ ಅಸ್ಸಾಮಿನ ಕಾರ್ಮಿಕನಿಗೆ ಇದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿ ಕಳಿಸದಿದ್ದರೆ, ದುಬಾರಿ ಮದ್ದೂ ಅರ್ಧ ಚಿಕಿತ್ಸೆಯೇ. 2016ರಿಂದ ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿದೆ. ಬ್ಲಾಕ್ ಕೊಡುವ ಕೈಚಳಕದ ಜೊತೆಗೆ ಈ ಮಾತನ್ನೂ ಅಲ್ಲಿನ ವಿದ್ಯಾರ್ಥಿಗಳು ಪಾಠವಾಗಿಯೇ ಕಲಿಯಬೇಕು.