ತಳದ ದನಿಯ ತಾಕತ್ತು

ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ಹಿಪ್-ಹಾಪ್ ತಂಡದ ‘ದಿ ಲೋ ಎಂಡ್ ಥಿಯರಿ’ಯನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಅರ್ಧ ಆಲ್ಬಂ ಕೇಳಿಸುವುದೇ ಇಲ್ಲ. ಹೆಬ್ಬಾಳದ ಜಾಮಿನಲ್ಲಿ ನಿಂತ ಬಸ್ಸಾದರೂ ಸರಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಹಾಡಿನಲ್ಲಿ ಮೊದಲು ಬರುವುದು ಬರೀ ಬಾಸ್, ಡ್ರಮ್ ಆಮೇಲೆ. ಆರ್ಟ್ ಬ್ಲೇಕಿಯ ಹಳೆಯ ಜಾಝ್ ರೆಕಾರ್ಡಿನಿಂದ ಕತ್ತರಿಸಿ ತೆಗೆದ ಆ ತುಣುಕು ತಂಬೂರಿಯ ಶ್ರುತಿಯ ಹಾಗೆ ಇಡೀ ಹಾಡನ್ನು ಹೊತ್ತು ನಿಲ್ಲುತ್ತದೆ.

ನ್ಯೂಯಾರ್ಕಿನ ಹುಡುಗರ ಈ 1991ರ ಆಲ್ಬಂ 10 ಲಕ್ಷ ಪ್ರತಿಗಳ ಗಡಿ ಮುಟ್ಟಿ 1995ರಲ್ಲಿ ಪ್ಲಾಟಿನಂ ಆಯಿತು. ಅಷ್ಟು ಮಾರಾಟವಾದರೂ ಅದರಲ್ಲಿ ಗದ್ದಲವಿಲ್ಲ. ಎಂಜಿನಿಯರ್ ಬಾಬ್ ಪವರ್ ಹಳೆಯ ಪ್ಲೇಟುಗಳ ಚರಚರ ಸದ್ದನ್ನು ಸೋಸಿ, ಪ್ರತಿ ಪದರಕ್ಕೂ ಅದರದೇ ಜಾಗ ಬಿಟ್ಟಿದ್ದಾರೆ. ಒಂದು ಹಾಡಿಗೆ ಜಾಝ್‌ನ ಹಿರಿಯ ರಾನ್ ಕಾರ್ಟರ್ ತಾವೇ ಡಬಲ್ ಬಾಸ್ ನುಡಿಸಿದರು. ಹೊಲಸು ಮಾತು ಇರಕೂಡದು ಎಂಬುದು ಅವರ ಷರತ್ತು.

ತಂಡದ ರ‍್ಯಾಪರ್ ಕ್ಯೂ-ಟಿಪ್‌ನದು ಮೂಗಿನಿಂದ ಹೊರಡುವ ಮೆದು ದನಿ. ಜೊತೆಗಾರ ಫೈಫ್ ಡಾಗ್‌ನದು ಚುರುಕು, ಚೇಷ್ಟೆ. ಒಬ್ಬ ಬಿಟ್ಟ ಮಾತನ್ನು ಇನ್ನೊಬ್ಬ ಗಬಕ್ಕನೆ ಎತ್ತಿಕೊಳ್ಳುತ್ತಾನೆ. ಪ್ರಾಸ ಸಾಲಿನ ಕೊನೆಗೆ ಕಾಯದೆ ನಡುನಡುವೆಯೇ ಕಚ್ಚಿಕೊಳ್ಳುತ್ತದೆ. ಎರಡನೇ ಅಕ್ಷರದಲ್ಲಿ ಪ್ರಾಸ ಹಿಡಿದು ಪಳಗಿದ ಕನ್ನಡದ ಕಿವಿಗೆ ಈ ರುಚಿ ಬೇಗ ಹತ್ತುತ್ತದೆ.

ಬೆಂಗಳೂರಿನ ರ‍್ಯಾಪರ್ ಬ್ರೋಧ ವಿ 2012ರ ‘ಆತ್ಮ ರಾಮ’ದಲ್ಲಿ ಇಂಗ್ಲಿಷ್ ರ‍್ಯಾಪಿಗೆ ಭಜನೆಯನ್ನು ಬೆಸೆದಾಗ ಮಾಡಿದ್ದೂ ಇದೇ ಜಾತಿಯ ಕೆಲಸ: ಹಿರಿಯರ ಸಂಗೀತವನ್ನು ಗೌರವದಿಂದ ಹೊಸ ಲಯಕ್ಕೆ ಕೂರಿಸುವುದು. ಯಲಹಂಕದ ಯಾವುದೋ ಮಹಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಬೀಟ್ ಕಟ್ಟುತ್ತಿರುವವರಿಗೆ ನನ್ನ ಶಿಫಾರಸು ಈ ಆಲ್ಬಂ. ಮೊದಲು ಬಾಸ್ ಗಟ್ಟಿಮಾಡಿಕೊಳ್ಳಿ. ಮಿಕ್ಕಿದ್ದಕ್ಕೆ ತಾನಾಗಿ ಜಾಗ ಸಿಗುತ್ತದೆ.