ಆರನೇ ಗೇರಿನ ಭಕ್ತರು

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬಗ್ಗೆ ನಮ್ಮಲ್ಲಿ ಒಂದು ಹೊಗಳಿಕೆ ಬಾಯಿಪಾಠವಾಗಿಬಿಟ್ಟಿದೆ. ‘ಟಾಪ್ ಗೇರಲ್ಲಿ ಹಾಕಿ ಬಿಟ್ಬಿಡಿ, ನಲವತ್ತರಿಂದ ನೂರನಲವತ್ತರ ತನಕ ತಾನೇ ಎಳ್ಕೊಂಡು ಹೋಗತ್ತೆ.’ 2018ರ ನವೆಂಬರಿನಲ್ಲಿ ಗಾಡಿ ಮಾರುಕಟ್ಟೆಗೆ ಬಂದಾಗಿನಿಂದ ಪತ್ರಿಕೆಗಳ ವಿಮರ್ಶಕರು, ಷೋರೂಮಿನ ಹುಡುಗರು, ಭಾನುವಾರ ಬೆಳಗ್ಗೆ ನಂದಿಬೆಟ್ಟದ ದಾರಿಯಲ್ಲಿ ಇಡ್ಲಿ ತಿನ್ನಲು ನಿಲ್ಲುವ ಸವಾರರು, ಎಲ್ಲರೂ ಇದನ್ನೇ ಹೇಳುತ್ತ ಬಂದಿದ್ದಾರೆ. ಮೊದಲ ದೊಡ್ಡ ಗಾಡಿ ಕೊಳ್ಳುವವನಿಗೆ ಸಿಗುವ ಮೊದಲ ಉಪದೇಶವೂ ಇದೇ. ನನ್ನ ತಕರಾರು ಗಾಡಿಯ ಮೇಲಲ್ಲ, ಈ ಉಪದೇಶದ ಮೇಲೆ. ಆರು ಅಧ್ಯಾಯಗಳ ಪುಸ್ತಕದಲ್ಲಿ ಕೊನೆಯದನ್ನು ಮಾತ್ರ ಓದಿ ‘ಎಷ್ಟು ಸರಳವಾಗಿದೆ’ ಎಂದು ತಲೆದೂಗಿದ ಹಾಗಿದೆ ಇದು.

648 ಸಿ.ಸಿ.ಯ ಜೋಡಿ ಸಿಲಿಂಡರು, 270 ಡಿಗ್ರಿ ಕ್ರ್ಯಾಂಕು, 7,250 ಆರ್‌ಪಿಎಂನಲ್ಲಿ 47 ಅಶ್ವಶಕ್ತಿ, 5,250ರಲ್ಲಿ 52 ನ್ಯೂಟನ್ ಮೀಟರ್ ಟಾರ್ಕ್, ಕಂಪನಿಯ ಮೊದಲ ಆರು ಗೇರಿನ ಪೆಟ್ಟಿಗೆ. ಇವೆಲ್ಲ ಓದುಗರಿಗೆ ಗೊತ್ತಿದ್ದದ್ದೇ. ನಾನು ಕೆದಕಬೇಕೆಂದಿರುವುದು ಕಂಪನಿ ಹೇಳಿದ, ವಿಮರ್ಶಕರು ಮಂತ್ರದಂತೆ ಒಪ್ಪಿಸಿದ ಒಂದೇ ಒಂದು ವಾಕ್ಯವನ್ನು: ಪೂರ್ತಿ ಟಾರ್ಕಿನ ಶೇ. 80ರಷ್ಟು 2,500 ಆರ್‌ಪಿಎಂನಲ್ಲೇ ಸಿಗುತ್ತದೆ.

ವಾಕ್ಯ ಸುಳ್ಳಲ್ಲ. ಅದನ್ನು ಓದಿದ ರೀತಿ ತಪ್ಪು. ನಾನೂ ಹಾಗೆಯೇ ಓದಿದ್ದೆ. ಗಾಡಿ ತಂದ ಮೊದಲ ತಿಂಗಳು ಬೇಲೂರಿನಿಂದ ಮೂಡಿಗೆರೆ ಕಡೆ ಹೋಗುತ್ತಿದ್ದೆ. ಮುಂದೆ ಎಪ್ಪತ್ತರ ವೇಗದಲ್ಲಿ ಒಂದು ಟೆಂಪೋ ಟ್ರಾವೆಲರ್, ನಾನು ಅದರ ಬೆನ್ನ ಹಿಂದೆ ಆರನೇ ಗೇರಿನಲ್ಲಿ. ರಸ್ತೆ ನೇರವಾಯಿತು, ಬಲಕ್ಕೆ ಬಂದೆ, ಎಕ್ಸಲೇಟರ್ ಪೂರ್ತಿ ತಿರುವಿದೆ. ಗಾಡಿ ಎಳೆಯಿತು, ಇಲ್ಲವೆನ್ನುವುದಿಲ್ಲ. ಊಟ ಮುಗಿಸಿ ಎದ್ದವರು ಕೈ ತೊಳೆಯಲು ಹೋಗುವ ಹಾಗೆ ಎಳೆಯಿತು. ಟ್ರಾವೆಲರಿನ ಎರಡನೇ ಕಿಟಕಿಯ ಪಕ್ಕಕ್ಕೆ ಬರುವಷ್ಟರಲ್ಲಿ ಎದುರಿನ ತಿರುವಿನಲ್ಲಿ ಕೆಂಪು ಬಸ್ಸು ಕಾಣಿಸಿತು. ಬ್ರೇಕು ಹಿಡಿದು ಮತ್ತೆ ಬಾಲಕ್ಕೆ ಸೇರಿಕೊಂಡೆ. ಕಿಟಕಿಯಲ್ಲಿದ್ದ ಹೆಂಗಸೊಬ್ಬರು ನನ್ನನ್ನು ನೋಡಿ ತಲೆಯಾಡಿಸಿದ್ದು ಈಗಲೂ ನೆನಪಿದೆ. ತಪ್ಪು ಗಾಡಿಯದಲ್ಲ, ನಲವತ್ತೇಳು ಕುದುರೆಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಟ್ಟು ಗಾಡಿ ಓಡಲಿಲ್ಲ ಎಂದವನದು.

ಲೆಕ್ಕ ನೋಡೋಣ. ಲೆಕ್ಕವಿಲ್ಲದ ಗಾಡಿ ವಿಮರ್ಶೆ ಉಪ್ಪಿಲ್ಲದ ಸಾರು. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,121ರಿಂದ ಭಾಗಿಸಿದರೆ ಆ ಕ್ಷಣದ ಅಶ್ವಶಕ್ತಿ ಸಿಗುತ್ತದೆ. ಎಪ್ಪತ್ತು ಕಿಲೋಮೀಟರ್ ವೇಗಕ್ಕೆ ಆರನೇ ಗೇರಿನಲ್ಲಿ ಮುಳ್ಳು ಇರುವುದು 2,500ರ ಆಸುಪಾಸಿನಲ್ಲಿ, ಅಂದರೆ ಆ ಪ್ರಸಿದ್ಧ ವಾಕ್ಯದ ಮೇಲೇ. 52ರಲ್ಲಿ ಶೇ. 80 ಎಂದರೆ 42 ಎಂದಿಟ್ಟುಕೊಳ್ಳಿ. ಗುಣಿಸಿ ಭಾಗಿಸಿದರೆ ಬರುವುದು ಹದಿನೈದು ಅಶ್ವಶಕ್ತಿ. ಎಕ್ಸಲೇಟರನ್ನು ಕೊನೆಯವರೆಗೆ ತಿರುವಿದರೂ ಅಷ್ಟೇ. ಪಲ್ಸರ್ 150 ತನ್ನ ತುತ್ತತುದಿಯಲ್ಲಿ ಕಿರುಚಿ ಕೊಡುವುದೂ ಹೆಚ್ಚುಕಡಿಮೆ ಇಷ್ಟೇ, ಮತ್ತು ಅದಕ್ಕೆ ಇನ್ನೂರು ಕಿಲೋ ದಾಟಿದ ಮೈ ಹೊರುವ ಕೆಲಸವಿಲ್ಲ.

ಅದೇ ವೇಗ, ಅದೇ ರಸ್ತೆ, ಮೂರನೇ ಗೇರು. ಮುಳ್ಳು 4,000ದ ಹತ್ತಿರ. ಟಾರ್ಕು 48 ಎಂದು ಜಿಪುಣತನದಿಂದಲೇ ಹಿಡಿಯಿರಿ, 27 ಅಶ್ವಶಕ್ತಿ ಬಂತು. ಎರಡನೇ ಗೇರಿಗೆ ಇಳಿಸಿದರೆ ಮುಳ್ಳು 5,400ರ ಬಳಿ, ಟಾರ್ಕಿನ ಶಿಖರದ ಪಕ್ಕದಲ್ಲೇ, ಶಕ್ತಿ ನಲವತ್ತಕ್ಕೆ ಸ್ವಲ್ಪ ಕಡಿಮೆ. ಎಡಗಾಲನ್ನು ನಾಲ್ಕು ಸಲ ಒತ್ತಿದ್ದಕ್ಕೆ ಹದಿನೈದು ನಲವತ್ತಾಯಿತು. ಹಿಂದಿನ ಚಕ್ರಕ್ಕೆ ಕ್ರ್ಯಾಂಕಿನ ಟಾರ್ಕು ಗೊತ್ತಿಲ್ಲ. ಗೇರು ಗುಣಿಸಿ ಕಳಿಸಿದ್ದಷ್ಟೇ ಅದಕ್ಕೆ ಮುಟ್ಟುವುದು. ಟಾರ್ಕನ್ನು ಹೊಗಳುತ್ತ ಗೇರನ್ನು ಮರೆಯುವವರು, ಸಂಬಳದ ಸ್ಲಿಪ್ಪು ತೋರಿಸಿ ಕೈಗೆ ಬಂದದ್ದೆಷ್ಟು ಎಂಬುದನ್ನು ಮುಚ್ಚಿಡುವ ನೆಂಟರಿದ್ದ ಹಾಗೆ.

ಇದೇ ಲೆಕ್ಕವನ್ನು ಹಿಂದುಮುಂದಾಗಿ ಹಾಕಿದರೆ ಇನ್ನೊಂದು ಗುಟ್ಟು ಹೊರಬೀಳುತ್ತದೆ. 7,250ರಲ್ಲಿ 47 ಅಶ್ವಶಕ್ತಿ ಇರಬೇಕಾದರೆ ಅಲ್ಲಿ ಟಾರ್ಕು 46 ಇರಲೇಬೇಕು. ಅಂದರೆ ಹೊಗಳಿಕೆಯ ನೆಲೆಯಾದ 2,500ಕ್ಕಿಂತ ಎಲ್ಲರೂ ಹೆದರುವ ತುದಿಯಲ್ಲೇ ಟಾರ್ಕು ಹೆಚ್ಚು. ಈ ಇಂಜಿನ್ನು ಮೇಲಕ್ಕೆ ಹೋದಂತೆ ಸೋಲುವುದಿಲ್ಲ, ನಾವು ಅಲ್ಲಿಗೆ ಹೋಗಿ ನೋಡಿಲ್ಲ. ವಿಮರ್ಶೆಗಳಲ್ಲಿ ರೋಲ್-ಆನ್ ಎಂಬ ಪರೀಕ್ಷೆಗೆ ಕೊಡುವ ಮರ್ಯಾದೆಯೂ ಇದಕ್ಕೆ ಕಾರಣ. ಗೇರು ಬದಲಿಸದೆ ಇಷ್ಟರಿಂದ ಅಷ್ಟಕ್ಕೆ ಎಷ್ಟು ಸೆಕೆಂಡು ಎಂದು ಅಳೆಯುತ್ತಾರೆ. ಇಂಜಿನ್ನಿನ ಒಂದು ಗುಣ ಅದರಿಂದ ತಿಳಿಯುತ್ತದೆ, ನಿಜ. ಆದರೆ ಆ ಕೋಷ್ಟಕ ನೋಡಿ ಸವಾರಿ ಕಲಿಯುವುದು ಕೈಕಟ್ಟಿಕೊಂಡು ಈಜುವವನಿಗೆ ಕೊಟ್ಟ ಪದಕ ನೋಡಿ ಈಜು ಕಲಿತಂತೆ.

ಈ ಓದು ನಮಗೆ ಎಲ್ಲಿಂದ ಬಂತು? ನನ್ನ ಗುಮಾನಿ, ನಮ್ಮ ಹಿರಿಯರ ಕಿವಿಯಿಂದ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ತಯಾರಿಸಿದ ಜಾವಾ, ಯೆಜ್ಡಿಗಳು, ಮದ್ರಾಸಿನಿಂದ ಬಂದ ಬುಲೆಟ್ಟು, ಇವುಗಳಲ್ಲಿ ನಾಲ್ಕು ಗೇರು, ಆರ್‌ಪಿಎಂ ಮೀಟರಿನ ಸುದ್ದಿಯೇ ಇಲ್ಲ. ಸವಾರ ಕಿವಿಯಲ್ಲಿ ಕೇಳಿ, ಸೀಟಿನಲ್ಲಿ ನಡುಕ ತಿಳಿದು ಗೇರು ಹಾಕುತ್ತಿದ್ದ. ದೊಡ್ಡ ವಿದ್ಯೆಯೇ ಅದು. ಆದರೆ ಬುಲೆಟ್ಟಿನ ಕಿವಿ ಇಂಟರ್‌ಸೆಪ್ಟರಿಗೆ ಹೊಂದುವುದಿಲ್ಲ. ‘ರೇಸ್ ಕೊಡಬೇಡಿ ಸಾರ್, ಇಂಜಿನ್ ಬೋರಿಗೆ ಬರತ್ತೆ’ ಎಂದು ನನಗೆ ಮೊದಲ ಸರ್ವಿಸಿನಲ್ಲಿ ಹೇಳಿದ ಮೆಕ್ಯಾನಿಕ್ ಕೈಗುಣದವನೇ. ಆದರೆ ಅವನು ಹೇಳುತ್ತಿದ್ದದ್ದು ಅವನ ಗುರುವಿನ ಬುಲೆಟ್ಟಿನ ವಿಷಯ.

ಆ ಬುಲೆಟ್ಟನ್ನೇ ತೆಗೆದುಕೊಳ್ಳಿ. ಹಳೆಯ 350ಯ ಬೋರು 70 ಮಿ.ಮೀ., ಸ್ಟ್ರೋಕು 90. ಹದಿನೆಂಟು ಅಶ್ವಶಕ್ತಿ ಕೊಡುವ 5,625 ಆರ್‌ಪಿಎಂನಲ್ಲಿ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17 ಮೀಟರ್. ಇಂಟರ್‌ಸೆಪ್ಟರಿನ ಸ್ಟ್ರೋಕು 67.8 ಮಾತ್ರ. ಕೆಂಪು ಗೆರೆ ಶುರುವಾಗುವ 7,500ರಲ್ಲಿ ಅದರ ಪಿಸ್ಟನ್ನಿನ ವೇಗವೂ ಸುಮಾರು 17 ಮೀಟರ್. ಒಂದು ‘ಗಂಭೀರ’ವಾಗಿ ಡುಗುಡುಗು ಎನ್ನುವಾಗ, ಇನ್ನೊಂದು ‘ಕಿರುಚುವಾಗ’, ಒಳಗಿನ ಪಿಸ್ಟನ್ನುಗಳು ಸಮ ಓಟದಲ್ಲಿವೆ. ಸದ್ದು ಕೇಳಿ ಇಂಜಿನ್ನಿನ ಕಷ್ಟಸುಖ ಅಳೆಯುವವರು ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ಮೀಟರ್ 2,000ದಲ್ಲಿರುವಾಗ ಆರನೇ ಗೇರಿನಲ್ಲಿ ಎಕ್ಸಲೇಟರನ್ನು ಪೂರ್ತಿ ತಿರುವುವುದೇ ನಿಜವಾದ ಹಿಂಸೆ. ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ, ಬೇರಿಂಗಿನಲ್ಲಿ ಆಯಿಲ್ಲಿನ ಪದರ ತೆಳು, ಚೈನು ಜಗ್ಗಾಡುತ್ತದೆ. ಕಟಕಟ ನಾಕಿಂಗ್ ಕೇಳಿಸಿದರಂತೂ ಇಂಜಿನ್ನು ಬಾಯಿಬಿಟ್ಟು ಬೇಡಿಕೊಳ್ಳುತ್ತಿದೆ ಎಂದೇ ಅರ್ಥ.

ಇದನ್ನೆಲ್ಲ ಹೇಳಿದ ತಕ್ಷಣ ಇನ್ನೊಂದು ಪಾಳೆಯದವರು ಬೆನ್ನು ತಟ್ಟಲು ಬರುತ್ತಾರೆ. ನಿಂಜಾ 300 ಓಡಿಸಿ ಬೆಳೆದವರು ಇವರು. 13,000ದವರೆಗೆ ಮುಳ್ಳು ಹೋಗದ್ದು ಇಂಜಿನ್ನೇ ಅಲ್ಲ, 7,500ಕ್ಕೆ ಮುಗಿಯುವುದು ಅರ್ಧಂಬರ್ಧ ಕೆಲಸ ಎಂಬುದು ಅವರ ವಾದ. ಇವರ ಸಹವಾಸವೂ ನನಗೆ ಬೇಡ. ನಿಂಜಾದ ಸ್ಟ್ರೋಕು 49 ಮಿ.ಮೀ. ಅದು ಹನ್ನೊಂದು ಸಾವಿರದಲ್ಲಿ 39 ಕುದುರೆ ಕೊಡುವಾಗ ಪಿಸ್ಟನ್ನಿನ ವೇಗ 18 ಮೀಟರ್, ನಮ್ಮದಕ್ಕಿಂತ ಒಂದು ಮೀಟರು ಹೆಚ್ಚು, ಅಷ್ಟೇ. ಆರ್‌ಪಿಎಂ ಎಂಬುದು ಗಂಡಸುತನದ ಅಳತೆಗೋಲಲ್ಲ. ಸಣ್ಣ ಪಾತ್ರೆಯಲ್ಲಿ ನೀರು ಹೊರುವವನು ಹೆಚ್ಚು ಸಲ ಓಡಾಡಬೇಕು. ಆದರೂ ಇವರ ಮಾತಿನಲ್ಲಿ ಒಂದು ಎಳೆ ನಿಜವಿದೆ. 78 ಬೋರು, 67.8 ಸ್ಟ್ರೋಕಿನ ಇಂಜಿನ್ನಿಗೆ ಪಿಸ್ಟನ್ನಿನ ಕಡೆಯಿಂದ 7,500 ತೀರಾ ಬಿಗಿಯಾದ ಮಿತಿಯಲ್ಲ. ಮಿತಿಯನ್ನು ಕೆಳಗಿಟ್ಟಿರುವುದು ತಯಾರಕರ ಆಯ್ಕೆ, ಮೊದಲ ದೊಡ್ಡ ಗಾಡಿಗೆ ಅದು ಸರಿಯಾದ ಆಯ್ಕೆ ಎಂದು ನನ್ನ ಮತ.

ಆದರೆ ‘ಲಿಮಿಟರ್ ಇದೆಯಲ್ಲ, ಏನೂ ಆಗಲ್ಲ’ ಎಂದು ಹೊಸಬರಿಗೆ ಧೈರ್ಯ ಹೇಳುವುದು ಇದೇ ಪಾಳೆಯ. ಲಿಮಿಟರ್ ತಡೆಯುವುದು ಎಕ್ಸಲೇಟರಿನಿಂದ ಏರುವ ಆರ್‌ಪಿಎಂ ಅನ್ನು ಮಾತ್ರ. ಈ ಗಾಡಿಯಲ್ಲಿ ಒಂದನೇ ಗೇರು 65ರ ಹತ್ತಿರ ಮುಗಿಯುತ್ತದೆ, ಎರಡನೆಯದು 95ರ ಹತ್ತಿರ, ಮೂರನೆಯದು 130ರ ಹತ್ತಿರ. 110ರಲ್ಲಿ ಗಾಬರಿಯಿಂದ ಎರಡನೇ ಗೇರಿಗೆ ಒದ್ದು ಕ್ಲಚ್ಚು ಬಿಟ್ಟರೆ ಹಿಂದಿನ ಚಕ್ರವೇ ಇಂಜಿನ್ನನ್ನು ಎಂಟೂವರೆ ಸಾವಿರದಾಚೆ ತಿರುಗಿಸುತ್ತದೆ. ಅಲ್ಲಿ ಪೆಟ್ರೋಲು ಕತ್ತರಿಸಿ ಪ್ರಯೋಜನವೇನು? ಆರ್‌ಪಿಎಂ ಏರಿದಂತೆ ಪಿಸ್ಟನ್ನು, ಕನೆಕ್ಟಿಂಗ್ ರಾಡುಗಳ ಮೇಲಿನ ಸೆಳೆತ ಅದರ ವರ್ಗದಷ್ಟು ಏರುತ್ತದೆ. 7,500ರಿಂದ 8,500ಕ್ಕೆ ಹೋದರೆ ಶೇ. 28 ಹೆಚ್ಚು. ವಾಲ್ವಿನ ಸ್ಪ್ರಿಂಗು ಹಿಂದೆ ಬಿದ್ದರೆ ವಾಲ್ವು ಪಿಸ್ಟನ್ನಿಗೆ ತಗಲುವ ಅಪಾಯ ಬೇರೆ. ಸ್ಲಿಪ್ಪರ್ ಕ್ಲಚ್ಚು ಇದನ್ನು ತುಸು ಸಹಿಸುತ್ತದೆ, ಸವಾರನನ್ನು ತಿದ್ದುವುದಿಲ್ಲ. ಗೇರು ಇಳಿಸುವ ಮುನ್ನ ಮುಳ್ಳು ಎಲ್ಲಿಗೆ ಜಿಗಿಯಲಿದೆ ಎಂಬ ಅಂದಾಜು ತಲೆಯಲ್ಲಿರಬೇಕು. ಆರನೇ ಗೇರಿನ ಭಕ್ತರಿಗೆ ಈ ಅಂದಾಜು ಬರುವುದೇ ಇಲ್ಲ, ಇಳಿಸಿ ಅಭ್ಯಾಸವಿದ್ದರೆ ತಾನೆ?

‘ಟಾರ್ಕ್’ ಎಂಬ ಪದಕ್ಕೆ ಇಷ್ಟು ಮರ್ಯಾದೆ ಬಂದದ್ದರಲ್ಲಿ ಎಂಬತ್ತರ ದಶಕದ ರಾಜದೂತ್ 350ಯದೂ ಪಾಲಿದೆಯೇನೋ. ಎಸ್ಕಾರ್ಟ್ಸ್ ತಯಾರಿಸಿದ ಆ ಯಮಹಾ ಆರ್‌ಡಿಯನ್ನು ಜನ ಹೈ ಟಾರ್ಕ್, ಲೋ ಟಾರ್ಕ್ ಎಂದು ಎರಡು ಜಾತಿ ಮಾಡಿದರು. ಒಂದು 30.5 ಅಶ್ವಶಕ್ತಿಯದು, ಇನ್ನೊಂದು 27ರದು, ಎರಡೂ ತಮ್ಮ ಶಕ್ತಿ ತೋರುತ್ತಿದ್ದದ್ದು ಆರೂವರೆ ಸಾವಿರದ ಆಚೀಚೆ. ಆರ್‌ಪಿಎಂ ಏರಿಸದಿದ್ದರೆ ಸಪ್ಪೆಯಾಗಿರುತ್ತಿದ್ದ ಟೂ-ಸ್ಟ್ರೋಕಿಗೆ ‘ಹೈ ಟಾರ್ಕ್’ ಎಂದು ಹೆಸರಿಟ್ಟು ಪೂಜಿಸಿದ ಜನ ನಾವು.

ಆರನೇ ಗೇರಿಗೂ ಅದರ ಜಾಗವಿದೆ, ಒಪ್ಪಿದೆ. ನೆಲಮಂಗಲ ದಾಟಿ ಹಾಸನದ ಕಡೆ ಹೆದ್ದಾರಿಯಲ್ಲಿ ಸುಮ್ಮನೆ ಸಾಗುವಾಗ ನಡುಕವಿಲ್ಲ, ಮೈಲೇಜು ಚೆನ್ನ, ತೊಡೆಗೆ ಬಿಸಿ ತಟ್ಟುವುದೂ ಕಡಿಮೆ. ಆದರೆ ನಮ್ಮ ಹೆದ್ದಾರಿಗಳಲ್ಲಿ ದ್ವಿಚಕ್ರಕ್ಕೆ ಕಾನೂನು ಕೊಟ್ಟಿರುವ ವೇಗ 80. ಅಲ್ಲಿ ಆರನೇ ಗೇರಿನ ಮುಳ್ಳು 3,000ದಲ್ಲಿ ತೂಕಡಿಸುತ್ತಿರುತ್ತದೆ. ಇದು ಸಾಲದೆಂದು ಕೆಲವರು ಮುಂದಿನ 15 ಹಲ್ಲಿನ ಸ್ಪ್ರಾಕೆಟ್ ತೆಗೆಸಿ 16ರದು ಹಾಕಿಸಿ ಆರೂ ಗೇರುಗಳನ್ನು ಶೇ. 6ಕ್ಕೂ ಹೆಚ್ಚು ಉದ್ದ ಮಾಡಿಸಿಕೊಳ್ಳುತ್ತಾರೆ. ಮಲಗಿದವನಿಗೆ ಚಾಪೆ ಹಾಸಿದ ಹಾಗೆ. ಇನ್ನು ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರದಿಂದ ಇಳಿಯುವಾಗ ಇವರ ಬ್ರೇಕಿನ ವಾಸನೆ ಹಿಂದಿನವರ ಮೂಗಿಗೆ ಬಡಿಯುತ್ತದೆ. ಎರಡನೇ ಗೇರಿನಲ್ಲಿ ಇಂಜಿನ್ನೇ ಹಿಡಿದು ಇಳಿಸುವ ಇಳಿಜಾರು ಅದು.

ತಯಾರಕರನ್ನು ಒಂದು ವಿಷಯಕ್ಕೆ ಬೈಯಲೇಬೇಕು. ಜೋಡಿ ಮೀಟರು ಕೊಟ್ಟರು, ಆರ್‌ಪಿಎಂ ಮುಳ್ಳು ದೊಡ್ಡದಾಗಿ ಕೊಟ್ಟರು, ಯಾವ ಗೇರಿನಲ್ಲಿದ್ದೀರಿ ಎಂದು ಹೇಳುವ ಅಂಕಿಯನ್ನು ಮೊದಲ ಇಂಟರ್‌ಸೆಪ್ಟರಿನಲ್ಲಿ ಕೊಡಲಿಲ್ಲ. ಹಾಗಾಗಿ ಹೊಸ ಸವಾರನ ಎಡಗಾಲು ಆಗಾಗ ಲಿವರಿನ ಕೆಳಗೆ ನುಸುಳಿ ಮೇಲಕ್ಕೆತ್ತಿ ನೋಡುತ್ತಿರುತ್ತದೆ, ಏಳನೇ ಗೇರು ಇದೆಯೇನೋ ಎಂದು. ಮೊನ್ನೆ ಮೂಡಿಗೆರೆಯ ಹೋಟೆಲಿನ ಮುಂದೆ ಒಬ್ಬ ಹುಡುಗ ಹೊಸ ಗಾಡಿ ನಿಲ್ಲಿಸಿ ಇಳಿದ. ಎಡ ಬೂಟಿನ ಮೇಲ್ಭಾಗ ಲಿವರು ತಗಲಿ ಸವೆದು ಬೆಳ್ಳಗಾಗಿತ್ತು. ಅಟ್ಟೆಯಲ್ಲಿ, ಗೇರು ಇಳಿಸಲು ಒತ್ತುವ ಕಡೆ, ಕಂಪನಿಯ ಹೆಸರು ಇನ್ನೂ ಅಳಿಸಿರಲಿಲ್ಲ.