ಕೊನೆಯ ರೀಲಿನಲ್ಲಿ ನಗುವವರು ಯಾರು?

ಅಪರಾಧದ ಸಿನಿಮಾ ಎಂದೊಡನೆ ಒಂದು ದೂರು ಅದರ ಬೆನ್ನಿಗೇ ಬರುತ್ತದೆ. ತೆರೆಯ ಮೇಲೆ ಕೊಲೆಗಾರ ಗುಂಡು ಹಾರಿಸುತ್ತಾನೆ, ಮುಂದಿನ ಬೆಂಚಿನ ಬಡವ ಶಿಳ್ಳೆ ಹೊಡೆಯುತ್ತಾನೆ, ಇವತ್ತು ಶಿಳ್ಳೆ ಹೊಡೆದವನು ನಾಳೆ ಬಂದೂಕು ಹಿಡಿಯುತ್ತಾನೆ ಎಂಬುದು ಆ ದೂರಿನ ಸಾರಾಂಶ. ಹೀಗೆ ದೂರುವವರು ಆ ಬೆಂಚಿನಲ್ಲಿ ಕುಳಿತು ಸಿನಿಮಾ ನೋಡಿದ್ದು ಕಡಿಮೆ. ಶಿಳ್ಳೆ ಬಿದ್ದದ್ದು ಯಾವುದಕ್ಕೆ ಎಂದು ವಿಚಾರಿಸಿದ್ದು ಇನ್ನೂ ಕಡಿಮೆ. ಈ ಮಾತನ್ನು ಒರೆಗೆ ಹಚ್ಚಲು ಜಮೈಕಾದ ಸಿನಿಮಾಗಳಷ್ಟು ತಕ್ಕ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಜಮೈಕಾ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಜನಸಂಖ್ಯೆ 30 ಲಕ್ಷದೊಳಗೆ. ಬ್ರಿಟಿಷರ ಆಳ್ವಿಕೆಯಿಂದ 1962ರಲ್ಲಿ ಬಿಡುಗಡೆಯಾಯಿತು. 2005ರ ಒಂದೇ ವರ್ಷದಲ್ಲಿ ಅಲ್ಲಿ 1,600ಕ್ಕೂ ಹೆಚ್ಚು ಕೊಲೆಗಳಾದವು. ಆ ನಾಡಿನಲ್ಲಿ ತಯಾರಾಗುವ ಸಿನಿಮಾಗಳು ಬೆರಳೆಣಿಕೆಯವು. ಹೊರಜಗತ್ತು ಬಲ್ಲವುಗಳಲ್ಲಿ ಹೆಚ್ಚಿನವು ಅಪರಾಧದ ಕಥೆಗಳೇ. 1972ರ ‘ದಿ ಹಾರ್ಡರ್ ದೇ ಕಮ್’ ಇವುಗಳಲ್ಲಿ ಮೊದಲನೆಯದು. ನಿರ್ದೇಶಕ ಪೆರ್ರಿ ಹೆನ್ಜೆಲ್, ಅವರೊಂದಿಗೆ ಚಿತ್ರಕಥೆ ಬರೆದವರು ನಾಟಕಕಾರ ಟ್ರೆವರ್ ರೋನ್, ನಾಯಕ ಗಾಯಕ ಜಿಮ್ಮಿ ಕ್ಲಿಫ್. ಕಥೆಯ ಮೂಲದಲ್ಲಿ ನಿಜವಾದ ಒಬ್ಬ ಮನುಷ್ಯನಿದ್ದಾನೆ. ‘ರೈಗಿನ್’ ಎಂದು ಹೆಸರಾದ ಐವನ್‌ಹೋ ಮಾರ್ಟಿನ್ 1948ರಲ್ಲಿ ಜೈಲಿನಿಂದ ತಪ್ಪಿಸಿಕೊಂಡು, ಪೊಲೀಸರ ಮೇಲೆ ಗುಂಡು ಹಾರಿಸಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಲೈಮ್ ಕೇ ಎಂಬ ನಡುಗಡ್ಡೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಹೆನ್ಜೆಲ್ ಅವನನ್ನು ತಮ್ಮ ಕಾಲಕ್ಕೆ ತಂದರು, ಹಾಡುಗಾರನನ್ನಾಗಿ ಮಾಡಿದರು.

ಕಥೆ ಬರೆಯುವವನಾಗಿ ಈ ಚಿತ್ರದಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಹಿಸಾಬು. ಹಳ್ಳಿಯಿಂದ ಬಸ್ಸಿನಲ್ಲಿ ಕಿಂಗ್‌ಸ್ಟನ್ನಿಗೆ ಬಂದಿಳಿದ ಐವನ್‌ನ ಸಾಮಾನನ್ನೆಲ್ಲ ಮೊದಲ ದಿನವೇ ತಳ್ಳುಗಾಡಿಯವನೊಬ್ಬ ಹೊತ್ತೊಯ್ಯುತ್ತಾನೆ. ಅವನು ಹಾಡಿದ ಹಾಡಿಗೆ ರೆಕಾರ್ಡ್ ಕಂಪನಿಯ ಮಾಲೀಕ ಕೊಡುವುದು 20 ಡಾಲರ್. ಬೇಡವೆಂದು ತಾನೇ ಮಾರಲು ಹೊರಟರೆ ಯಾರೂ ಅದನ್ನು ನುಡಿಸುವುದಿಲ್ಲ, ಏಕೆಂದರೆ ಏನು ನುಡಿಸಬೇಕೆಂದು ತೀರ್ಮಾನಿಸುವವನು ಆ ಮಾಲೀಕನೇ. ಮರಳಿ ಬಂದು ಅದೇ 20 ಡಾಲರಿಗೆ ಸಹಿ ಹಾಕುತ್ತಾನೆ. ಆಮೇಲೆ ಗಾಂಜಾ ಸಾಗಣೆ. (ಈ ಪದ ಅಲ್ಲಿಗೆ ಹೋದದ್ದು ನಮ್ಮಲ್ಲಿಂದ. 1845ರಿಂದ ಜಮೈಕಾದ ಕಬ್ಬಿನ ತೋಟಗಳಿಗೆ ಸಾಗಿಸಲ್ಪಟ್ಟ ಭಾರತದ ಕೂಲಿಗಳು ಅದನ್ನು ಕೊಂಡೊಯ್ದರು.) ಆ ದಂಧೆಯ ಲಾಭದಲ್ಲಿ ಪೊಲೀಸ್ ಅಧಿಕಾರಿಗೂ ಪಾಲಿದೆ. ಐವನ್ ಪೊಲೀಸನನ್ನು ಕೊಂದು ತಲೆಮರೆಸಿಕೊಂಡಾಗ ಅವನ ಹಾಡು ಊರೆಲ್ಲ ಕೇಳತೊಡಗುತ್ತದೆ; ಹಣ ಮಾಲೀಕನ ಪೆಟ್ಟಿಗೆಗೆ ಬೀಳುತ್ತದೆ. ಅಧಿಕಾರಿ ಗಾಂಜಾ ವ್ಯಾಪಾರವನ್ನೇ ನಿಲ್ಲಿಸಿ ಬಸ್ತಿಯನ್ನು ಹಸಿವಿಗೆ ದೂಡುತ್ತಾನೆ. ಕಡೆಗೆ ಐವನ್‌ನ ಸುಳಿವು ಕೊಡುವವಳು ಅವನನ್ನು ಪ್ರೀತಿಸಿದ ಎಲ್ಸಾಳೇ, ಗೆಳೆಯನ ಕಾಯಿಲೆ ಬಿದ್ದ ಮಗುವಿಗಾಗಿ. ಎಲ್ಸಾಳ ಒಳತೋಟಿಗೆ ಚಿತ್ರ ಇನ್ನಷ್ಟು ಸಮಯ ಕೊಡಬೇಕಿತ್ತು, ಅದು ಇದರ ಕೊರತೆ. ಆದರೆ ಯಾರ ಜೇಬಿನಿಂದ ಯಾರ ಜೇಬಿಗೆ ಏನು ಹೋಯಿತು ಎಂಬುದನ್ನು ಅದು ಎಲ್ಲಿಯೂ ಮರೆಮಾಚುವುದಿಲ್ಲ.

ಈ ಚಿತ್ರದೊಳಗೇ ಪ್ರೇಕ್ಷಕರಿದ್ದಾರೆ. ಊರಿಗೆ ಹೊಸಬನಾದ ಐವನ್ ಸ್ನೇಹಿತನೊಂದಿಗೆ ಇಟಲಿಯ ಕೌಬಾಯ್ ಚಿತ್ರ ‘ಜಾಂಗೊ’ (1966) ನೋಡಲು ಹೋಗುತ್ತಾನೆ. ತೆರೆಯ ಮೇಲೆ ನಾಯಕ ಒಬ್ಬಂಟಿ, ಎದುರಿಗೆ ದೊಡ್ಡ ಪಡೆ. ಐವನ್‌ಗೆ ಆತಂಕವಾದಾಗ ಪಕ್ಕದವನು, ಕೊನೆಯ ರೀಲಿನವರೆಗೆ ನಾಯಕ ಸಾಯುವುದಿಲ್ಲ ಎಂಬರ್ಥದ ಮಾತಾಡುತ್ತಾನೆ. ನಾಯಕ ಮೆಷಿನ್‌ಗನ್ ತೆಗೆದೊಡನೆ ಇಡೀ ಚಿತ್ರಮಂದಿರ ಕೇಕೆ ಹಾಕಿ ನಗುತ್ತದೆ. ಮುಂದೆ ಕಡಲ ದಡದಲ್ಲಿ ಐವನ್ ಎರಡು ಪಿಸ್ತೂಲು ಹಿಡಿದು ಸೈನಿಕರೆದುರು ಒಬ್ಬನೇ ನಿಂತಾಗ ಹೆನ್ಜೆಲ್ ಅದೇ ನಗುವ ಮುಖಗಳನ್ನು ನಡುನಡುವೆ ಮತ್ತೆ ತೋರಿಸುತ್ತಾರೆ. ಐವನ್ ಇನ್ನೂ ಸಿನಿಮಾದಲ್ಲೇ ಇದ್ದಾನೆ. ಸೈನಿಕರ ಬಂದೂಕುಗಳು ಸಿನಿಮಾದವಲ್ಲ. ಕೊನೆಯ ರೀಲು ಬಂದಿದೆ ಎಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇಷ್ಟನ್ನು ಕಂಡವನು ಶಿಳ್ಳೆ ಹೊಡೆದೇ ಹೊರಬರಬಹುದು, ಆದರೆ ಐವನ್‌ನ ಸಾವನ್ನು ಗೆಲುವೆಂದು ತಿಳಿದು ಹೊರಬರಲಾರ.

1972ರಲ್ಲಿ ಕಿಂಗ್‌ಸ್ಟನ್ನಿನ ಕ್ಯಾರಿಬ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನವಾದಾಗ ಜನ ಬಾಗಿಲು ತಳ್ಳಿಕೊಂಡು ಒಳನುಗ್ಗಿದರು. ಅವರ ಆ ಉನ್ಮಾದ ಯಾವುದಕ್ಕೆ? ತಮ್ಮಂಥ ಕಪ್ಪು ಜನರನ್ನು ತೆರೆಯ ಮೇಲೆ ಮೊದಲ ಬಾರಿಗೆ ಕಂಡದ್ದೇ ಅದಕ್ಕೆ ಕಾರಣ ಎಂದು ಹೆನ್ಜೆಲ್ ಆಮೇಲೆ ಹೇಳಿಕೊಂಡಿದ್ದಾರೆ. ತಮ್ಮ ಬೀದಿ, ತಮ್ಮ ಬಸ್ಸು, ಶಾಲೆಯಲ್ಲಿ ಕೀಳೆಂದು ಬೈಸಿಕೊಂಡ ತಮ್ಮ ಪಾತ್ವಾ ಮಾತು ಅಷ್ಟು ದೊಡ್ಡ ತೆರೆಯ ಮೇಲೆ ಬಂದಿತ್ತು. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಮೊದಲಿಗೆ ಕುರ್ಚಿಗಳು ಖಾಲಿ ಉಳಿದಾಗ ನಿರ್ದೇಶಕರೇ ಬೀದಿಗಿಳಿದು ಕರಪತ್ರ ಹಂಚಿದರು, ಅಲ್ಲಿ ನೆಲೆಸಿದ್ದ ಜಮೈಕನ್ನರು ಬಂದು ಚಿತ್ರಮಂದಿರ ತುಂಬಿಸಿದರು. ಅಮೆರಿಕದಲ್ಲಿ ಮಾತು ತಿಳಿಯದೆಂದು ಸಬ್‌ಟೈಟಲ್ ಹಾಕಬೇಕಾಯಿತು. ಕಾಲೇಜು ಹುಡುಗರು ವರ್ಷಗಟ್ಟಲೆ ಮಧ್ಯರಾತ್ರಿಯ ಪ್ರದರ್ಶನಗಳಿಗೆ ಬಂದರು, ಹೆಚ್ಚಾಗಿ ರೆಗೆ ಹಾಡುಗಳ ಸೆಳೆತಕ್ಕೆ. ಒಂದೇ ಚಿತ್ರ, ಮೂರು ಬಗೆಯ ಪ್ರೇಕ್ಷಕರು. ಡಿವಿಡಿಯಲ್ಲಿ ಸಬ್‌ಟೈಟಲ್ ಓದುತ್ತ ನೋಡಿದ ನಾನು ಮೂರನೆಯ ಸಾಲಿನವನೇ. ಆದ್ದರಿಂದಲೇ ಮೊದಲ ಸಾಲಿನವರ ಶಿಳ್ಳೆಗೆ ತೀರ್ಪು ಕೊಡುವಾಗ ನನಗೆ ಅಳುಕು.

ಆ ಜನ ಕೌಬಾಯ್ ಚಿತ್ರಗಳನ್ನು ತಮ್ಮದಾಗಿಸಿಕೊಂಡ ಬಗೆಯೂ ಇಲ್ಲಿ ಪ್ರಸ್ತುತ. ಲೀ ಪೆರ್ರಿ 1969ರಲ್ಲಿ ಜಾಂಗೊನ ಹೆಸರಿನಲ್ಲಿ ಸಂಗೀತ ಮಾಡಿದರು. ಹಾಡುಗಾರರು ಜೋಸಿ ವೇಲ್ಸ್, ಕ್ಲಿಂಟ್ ಈಸ್ಟ್‌ವುಡ್, ಡೆನ್ನಿಸ್ ಅಲ್ಕಾಪೋನ್ ಎಂಬ ಹೆಸರುಗಳಲ್ಲಿ ಹಾಡಿದರು. ಬಂದೂಕುಧಾರಿಯ ಹೆಸರು ಹೊತ್ತ ಇವರು ಹಿಡಿದದ್ದು ಮೈಕು. ತೆರೆಯಿಂದ ಬೀದಿಗೆ ಬರುವುದೆಲ್ಲ ಗುಂಡೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ?

ಹಾಗಾದರೆ ಬೀದಿಗೆ ಬಂದೂಕು ಬಂದದ್ದು ಎಲ್ಲಿಂದ? ಕಿಂಗ್‌ಸ್ಟನ್ನಿನ ಬಡ ವಸತಿಗಳನ್ನು ಅಲ್ಲಿನ ಎರಡು ದೊಡ್ಡ ಪಕ್ಷಗಳು ತಮ್ಮತಮ್ಮ ಮತಗಳ ಕೋಟೆಗಳಾಗಿ ಹಂಚಿಕೊಂಡವು. ಮನೆ, ಕೂಲಿ ಕೆಲಸ ನಿಷ್ಠೆಗೆ ತಕ್ಕಂತೆ ಸಿಗುತ್ತಿತ್ತು, ಕೋಟೆ ಕಾಯಲು ಹುಡುಗರ ಕೈಗೆ ಆಯುಧ ಬಂತು. 1980ರ ಚುನಾವಣೆಯ ವರ್ಷ ಸುಮಾರು 800 ಜನ ಸತ್ತರು. 1978ರ ಜನವರಿಯಲ್ಲಿ ಕೆಲಸದ ಆಸೆ ತೋರಿಸಿ ಗ್ರೀನ್ ಬೇ ಎಂಬಲ್ಲಿಗೆ ಕರೆದೊಯ್ದ ಯುವಕರ ಮೇಲೆ ಸೈನಿಕರು ಗುಂಡು ಹಾರಿಸಿದರು, ಐವರು ಸತ್ತರು. ಸ್ಟಾರ್ಮ್ ಸಾಲ್ಟರ್ ಅವರ ‘ಬೆಟರ್ ಮಸ್ ಕಮ್’ (2010) ಈ ಘಟನೆಯ ಸುತ್ತ ಹೆಣೆದ ಚಿತ್ರ. ಅದು ತೆರೆಕಂಡ ವರ್ಷವೇ, ಕ್ರಿಸ್ಟೊಫರ್ ಕೋಕ್ ಎಂಬ ‘ಡಾನ್’ನನ್ನು ಹಿಡಿಯಲು ಪೊಲೀಸರು ಮತ್ತು ಸೈನಿಕರು ಟಿವೋಲಿ ಗಾರ್ಡನ್ಸ್ ವಸತಿಗೆ ನುಗ್ಗಿದಾಗ 70ರ ಆಸುಪಾಸಿನಲ್ಲಿ ಜನ ಸತ್ತರು. ಈ ಸಾವುಗಳ ಹೊಣೆಯನ್ನು ಸಿನಿಮಾದ ಮೇಲೆ ಹೊರಿಸುವುದು ರಾಜಕಾರಣಿಗಳಿಗೆ ಅನುಕೂಲದ ಮಾತು.

ಹೀಗೆಂದು ಎಲ್ಲ ಚಿತ್ರಗಳನ್ನೂ ಸಮರ್ಥಿಸಬೇಕಿಲ್ಲ. ಕ್ರಿಸ್ ಬ್ರೌನ್ ನಿರ್ದೇಶನದ ‘ಥರ್ಡ್ ವರ್ಲ್ಡ್ ಕಾಪ್’ (1999) ಜಮೈಕಾದಲ್ಲಿ ಭಾರೀ ಗಳಿಕೆ ಕಂಡಿತು. ಅಲ್ಲಿ ಗುಂಡು ಹಾರಿಸಿ ಚಪ್ಪಾಳೆ ಗಿಟ್ಟಿಸುವವನು ಪೊಲೀಸನೇ. ವಿಚಾರಣೆಯಿಲ್ಲದೆ ಕೊಲ್ಲುವ ಪೊಲೀಸನಿಗೆ ಬೀಳುವ ಶಿಳ್ಳೆಯನ್ನು ಯಾರೂ ಅಪಾಯವೆಂದು ದೂರುವುದಿಲ್ಲ, ಏಕೋ! ಸೆಸ್ ಸಿಲ್ವೆರಾ ಅವರ ‘ಶಾಟಾಸ್’ (2002) ಇನ್ನೂ ಜನಪ್ರಿಯ. 2006ರಲ್ಲಿ ಅಧಿಕೃತವಾಗಿ ಬಿಡುಗಡೆಯಾಗುವ ಹೊತ್ತಿಗೆ ಅದರ ಕಳ್ಳ ಪ್ರತಿಗಳು ಊರೂರು ತಲುಪಿದ್ದವು. ಕಿಂಗ್‌ಸ್ಟನ್ನಿನ ಇಬ್ಬರು ಹುಡುಗರು ಒಂದು ದರೋಡೆಯ ಹಣದಿಂದ ಅಮೆರಿಕ ಸೇರಿ ಮಯಾಮಿಯಲ್ಲಿ ಸುಲಿಗೆಯ ಸಾಮ್ರಾಜ್ಯ ಕಟ್ಟುವ ಕಥೆ. ಅದರ ಮಾತುಗಳಲ್ಲಿ ಜೀವವಿದೆ, ಗೆಳೆತನದಲ್ಲಿ ಬಿಸಿಯಿದೆ. ಆದರೆ ಐವನ್‌ನ ಕಥೆಯಲ್ಲಿದ್ದ ಹಿಸಾಬು ಇಲ್ಲಿ ಮಾಯವಾಗಿದೆ. 20 ಡಾಲರಿನ ಮಾಲೀಕನಿಗೆ ಸಿಕ್ಕ ಜಾಗ ಇಲ್ಲಿ ಅಂಥ ಯಾರಿಗೂ ಸಿಗುವುದಿಲ್ಲ. ಆ ಜಾಗದಲ್ಲಿ ಕಾರು, ಬಂಗಲೆ, ಬಂದೂಕುಗಳಿವೆ. ಸತ್ತವರ ಮನೆಯ ಕಡೆಗೆ ಕ್ಯಾಮೆರಾ ತಿರುಗುವುದೇ ಅಪರೂಪ. ಇಲ್ಲಿ ಪ್ರೇಕ್ಷಕನಿಗೆ ನಾಯಕನಿಗಿಂತ ಹೆಚ್ಚು ಗೊತ್ತಿರುವುದು ಏನೂ ಇಲ್ಲ. ನನ್ನ ತಕರಾರು ಇಷ್ಟೇ.

ಈ ಚಿತ್ರದಲ್ಲಿ ನಾಯಕರಲ್ಲಿ ಒಬ್ಬನ ಪಾತ್ರ ಮಾಡಿದವರು ಗಾಯಕ ಸ್ಪ್ರಾಗಾ ಬೆಂಜ್. ಅದೇ ಪಾತ್ರದ ಬಾಲ್ಯವನ್ನು ಅಭಿನಯಿಸಿದ್ದು ಅವರ ಸ್ವಂತ ಮಗ. ಆ ಹುಡುಗ 2008ರಲ್ಲಿ, ತನ್ನ 17ನೇ ವಯಸ್ಸಿನಲ್ಲಿ, ಕಿಂಗ್‌ಸ್ಟನ್ನಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಸಿನಿಮಾದಲ್ಲಿ ಬಾಲ್ಯ ಮುಗಿದೊಡನೆ ಪಾತ್ರ ದೊಡ್ಡದಾಗಿ, ಅಪ್ಪನೇ ಆ ಪಾತ್ರವಾಗಿ ತೆರೆಗೆ ಬರುತ್ತಾನೆ. ಜೀವನದಲ್ಲಿ ಆ ಹುಡುಗ ಅಪ್ಪನ ವಯಸ್ಸನ್ನು ಕಾಣಲಿಲ್ಲ. ಇದನ್ನು ತಿಳಿದ ಮೇಲೆ ‘ಶಾಟಾಸ್’ನ ಮೊದಲ ಭಾಗವನ್ನು ನೋಡುವುದು ನನಗಂತೂ ಸುಲಭವಲ್ಲ. ಹುಡುಗನ ಸಾವಿಗೆ ಸಿನಿಮಾ ಕಾರಣವೆನ್ನುವುದು ಅನ್ಯಾಯ. ಆದರೆ ಅಂಥ ಸಾವು ನಿತ್ಯದ ಸಂಗತಿಯಾದ ಊರಿನ ಕಥೆ ಹೇಳುವ ಸಿನಿಮಾಕ್ಕೆ ಸಾವಿನ ಭಾರ ಗೊತ್ತಿರಬೇಕು ಎನ್ನುವುದು ನ್ಯಾಯವೇ.

2022ರ ಅಕ್ಟೋಬರ್‌ನಲ್ಲಿ ಜಮೈಕಾದ ಪ್ರಸಾರ ಆಯೋಗ ಬಂದೂಕು, ವಂಚನೆ, ಮಾದಕ ವಸ್ತುಗಳನ್ನು ವೈಭವೀಕರಿಸುವ ಹಾಡು, ದೃಶ್ಯಗಳನ್ನು ರೇಡಿಯೊ, ಟಿ.ವಿ.ಯಲ್ಲಿ ನಿಷೇಧಿಸಿತು. ನಿಷೇಧಿಸುವುದು ಸುಲಭ. ಬಸ್ತಿಯ ಹುಡುಗನಿಗೆ ಅವನ ಹಾಡಿನ ನ್ಯಾಯವಾದ ಬೆಲೆ ಕೊಡಿಸುವುದು ಕಷ್ಟ. ಹೆನ್ಜೆಲ್ 50 ವರ್ಷಗಳ ಹಿಂದೆ ತೋರಿಸಿದ್ದು ಆ ಕಷ್ಟವನ್ನೇ. ಕಡಲ ದಡದಲ್ಲಿ ಐವನ್ ಬೀಳುವಾಗ ಚಿತ್ರಮಂದಿರದ ಜನ ನಗುತ್ತಿದ್ದಾರೆ. ಅವನ ಹಾಡಿನ ಹಣ ಎಣಿಸುವ ಮಾಲೀಕ ಆ ಗುಂಪಿನಲ್ಲಿ ಇಲ್ಲ. ಅವನಿಗೆ ಶಿಳ್ಳೆ ಹೊಡೆಯುವ ಅಗತ್ಯವೂ ಇಲ್ಲ.